ಜನರನ್ನು ಕುರ್ಚಿಯಲ್ಲಿ ಕೂರಿಸುವ ಕೆಲಸ

ನೀವು ಈಗ ಹ್ಯೂಮನ್ ರಿಸೋರ್ಸ್ ಎಂದು ಕರೆಯುವ ವಿಭಾಗಕ್ಕೆ ನಮ್ಮ ಕಾಲದಲ್ಲಿ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ ಎನ್ನುತ್ತಿದ್ದರು. ಅಲ್ಲಿ ನಾನು ಮೂವತ್ತನಾಲ್ಕು ವರ್ಷ ಇದ್ದೆ. ಮೊನ್ನೆ ತಮ್ಮನ ಮಗಳು ದೀಪಾ ಅಂಥದ್ದೇ ಕೆಲಸಕ್ಕೆ ಸೇರಿದಳು. "ನಿಮಗೆ ಪ್ರಮೋಷನ್ ಹೇಗೆ ಸಿಕ್ತು ಅತ್ತೆ?" ಎಂದು ಕೇಳಿದಳು. ಸೀನಿಯಾರಿಟಿ ಪಟ್ಟಿಯಿಂದ ಸಿಕ್ಕಿತು, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಹೇಳಬೇಕಾದದ್ದು ಬೇರೆ ಇದೆ. ರಜೆ, ವರ್ಗಾವಣೆ, ಸೇವಾ ಪುಸ್ತಕ ಇವೆಲ್ಲ ನಮ್ಮ ಕೈಯಲ್ಲಿದ್ದರೂ ನಿಜವಾದ ಕೆಲಸ ಒಂದೇ ಆಗಿತ್ತು. ಜನ ತಮ್ಮ ತಮ್ಮ ಕುರ್ಚಿಯಲ್ಲಿ ಇದ್ದಾರೋ ಇಲ್ಲವೋ ನೋಡುವುದು. ಅದನ್ನು ನಾನು ಚೆನ್ನಾಗಿಯೇ ಮಾಡಿದೆ. ಒಮ್ಮೆ ಅತಿ ಚೆನ್ನಾಗಿ ಮಾಡಿದೆ.

ಯಜಮಾನರಿಗೆ ತಿರುವನಂತಪುರಕ್ಕೆ ವರ್ಗವಾದದ್ದರಿಂದ ನಾನೂ ಕೇಳಿಕೊಂಡು ಅಲ್ಲಿಗೆ ಹೋದೆ. ತೊಂಬತ್ತರ ದಶಕದ ಆರಂಭ. ನಮ್ಮದು ಒಂದು ಕೇಂದ್ರ ಸಂಸ್ಥೆ, ಹೆಸರು ಬೇಡ. ಕಚೇರಿ ಊರೊಳಗಿನ ಪಟ್ಟಂ ಬಡಾವಣೆಯಲ್ಲಿ, ಮೂರು ಅಂತಸ್ತಿನ ಲಿಫ್ಟ್ ಇಲ್ಲದ ಕಟ್ಟಡ. ತುಮಕೂರಿನವಳಾದ ನನಗೆ ಮಲಯಾಳ ಬರುತ್ತಿರಲಿಲ್ಲ, ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ವರ್ಷದೊಳಗೆ ಎರಡೂ ಕಲಸಿದ ಒಂದು ಭಾಷೆ ಬಂತು. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅಲ್ಲಿ ಹತ್ತೂವರೆಯಾದರೆ ಸಾಕು, ಇಡೀ ಸೆಕ್ಷನ್ ಎದ್ದು ಎದುರಿನ ಚಹಾದಂಗಡಿಗೆ ಇಳಿಯುತ್ತಿತ್ತು. ಚಹಾ, ಜೊತೆಗೆ ಪಳಂಪೊರಿ ಎನ್ನುವ ನೇಂದ್ರಬಾಳೆಯ ಬಜ್ಜಿ, ಅದರ ಜೊತೆಗೆ ರಾಜಕೀಯ. ಇಪ್ಪತ್ತು ನಿಮಿಷ. ಮೂರೂವರೆಗೆ ಇನ್ನೊಮ್ಮೆ. ಮಧ್ಯೆ ಫೈಲು ಹಿಡಿದುಕೊಂಡು ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಟ. ನಮ್ಮ ಆಡಳಿತಾಧಿಕಾರಿ ನಂಬಿಯಾರ್ ಸಾರ್ ಕಾರಿಡಾರಿನಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಒಂದು ದಿನ ನನ್ನನ್ನು ಕರೆದರು.

"ವಿಮಲಾ, ಈ ಆಫೀಸಿನಲ್ಲಿ ನನಗೆ ಜನಕ್ಕಿಂತ ಕುರ್ಚಿಗಳೇ ಜಾಸ್ತಿ ಕಾಣುತ್ತವೆ. ಏನಾದರೂ ಮಾಡಿ."

ನಾನು ಮಾಡಿದೆ. ಮೂವ್‌ಮೆಂಟ್ ರಿಜಿಸ್ಟರ್ ಎಂಬ ಪುಸ್ತಕ ಬೇರೆ ಕಡೆಯೂ ಇತ್ತು, ಆದರೆ ಕಚೇರಿಯಿಂದ ಹೊರಗೆ ಹೋಗುವವರಿಗೆ ಮಾತ್ರ. ನಾನು ಅದನ್ನು ಬಿಗಿ ಮಾಡಿದೆ. ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಕುರ್ಚಿ ಬಿಟ್ಟವರು, ಕಟ್ಟಡದ ಒಳಗೇ ಇದ್ದರೂ, ಎದ್ದ ಹೊತ್ತು, ಬಂದ ಹೊತ್ತು, ಕಾರಣ ಬರೆದು ಸಹಿ ಹಾಕಬೇಕು. ಚಹಾವನ್ನು ಕೆಟಲಿನಲ್ಲಿ ಮೇಜಿಗೇ ತರಿಸುವ ಏರ್ಪಾಡು ಮಾಡಿದೆ. ಆ ಹೊತ್ತಿಗೇ ಇಂಟರ್‌ಕಾಮ್ ಕೂಡ ಬಂತು. ಪಕ್ಕದ ಕೋಣೆಯವರನ್ನು ಏನಾದರೂ ಕೇಳಬೇಕಾದರೂ ಎದ್ದು ಹೋಗಬೇಕಿಲ್ಲ. ಒಂದು ತಿಂಗಳಲ್ಲಿ ಕಾರಿಡಾರು ನಿಶ್ಶಬ್ದವಾಯಿತು. ನಂಬಿಯಾರ್ ಸಾರ್ ಬೇರೆ ಕಚೇರಿಗಳವರ ಮುಂದೆ ನನ್ನ ಹೆಸರು ಹೇಳಿ ಹೊಗಳಿದರು. ಎರಡು ದಿನ ನನ್ನ ಕಾಲು ನೆಲಕ್ಕೆ ತಾಗಲಿಲ್ಲ.

ಆ ರಿಜಿಸ್ಟರಿನಲ್ಲಿ ಒಬ್ಬರ ಹೆಸರಿನ ಮುಂದೆ ಮಾತ್ರ ಏನೂ ಇರುತ್ತಿರಲಿಲ್ಲ. ಶಂಕರನಾರಾಯಣ ಭಟ್ಟರು. ಕಾಸರಗೋಡಿನವರು, ನಡುವಯಸ್ಸು ದಾಟಿದವರು, ಎರಡನೇ ಮಹಡಿಯಲ್ಲಿ ಸೇವಾ ಪುಸ್ತಕಗಳನ್ನು ಬರೆಯುವ ಕೆಲಸ. ಅಕ್ಷರ ಅಚ್ಚು ಹಾಕಿದ ಹಾಗೆ. ಇಡೀ ಕಚೇರಿಯಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ಕೂತರೆ ಊಟದ ಡಬ್ಬಿಯನ್ನೂ ಅಲ್ಲೇ ಬಿಚ್ಚಿ, ಸಂಜೆ ಐದೂಕಾಲಿಗೆ ಏಳುವವರು. ಚಿಕ್ಕಂದಿನಲ್ಲಿ ಗೇರುಮರದಿಂದ ಬಿದ್ದು ಎಡಗಾಲಿನ ಮೂಳೆ ಮುರಿದಿತ್ತಂತೆ, ಊರಿನ ನಾಟಿ ವೈದ್ಯರು ಕಟ್ಟಿದ್ದು ಸ್ವಲ್ಪ ಸೊಟ್ಟಗೇ ಕೂಡಿಕೊಂಡಿತ್ತು. ಕುಂಟುತ್ತ ನಿಧಾನವಾಗಿ ನಡೆಯುತ್ತಿದ್ದರು.

ವರ್ಷದ ಕೊನೆಯ ಸಭೆಯಲ್ಲಿ ನಾನು ಎದ್ದು ನಿಂತು, "ಇಡೀ ವರ್ಷದಲ್ಲಿ ಒಂದು ದಿನವೂ ಕುರ್ಚಿ ಬಿಟ್ಟು ಹೋಗದವರು ಮಿಸ್ಟರ್ ಭಟ್. ಎಲ್ಲರೂ ಅವರನ್ನು ನೋಡಿ ಕಲಿಯಬೇಕು" ಎಂದೆ. ಚಪ್ಪಾಳೆ ಬಿತ್ತು. ಭಟ್ಟರು ತಲೆ ತಗ್ಗಿಸಿ ಕೂತಿದ್ದರು. ವಿನಯ ಎಂದುಕೊಂಡೆ. ನಮ್ಮ ಕನ್ನಡದವರು ಎಂಬ ಹೆಮ್ಮೆಯೂ ಇತ್ತು.

ಅದಾಗಿ ಎರಡು ತಿಂಗಳಿಗೆ, ಒಂದು ಗುರುವಾರ, ಸಂಜೆ ಹೊರಡಲೆಂದು ಎದ್ದ ಭಟ್ಟರು ನಾಲ್ಕು ಹೆಜ್ಜೆ ಇಟ್ಟು ಎದೆ ಹಿಡಿದುಕೊಂಡು ಬಿದ್ದರು. ನಾಲ್ಕು ಜನ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಆ ಕುರ್ಚಿಯನ್ನೇ ಹೊತ್ತು ಎರಡು ಮಹಡಿ ಇಳಿಸಿದರು. ಆಫೀಸಿನ ಜೀಪಿನಲ್ಲಿ ಆಸ್ಪತ್ರೆಗೆ ಹೋದೆವು. ನಾನು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಉಸಿರು ಸಿಕ್ಕಿ ಸಿಕ್ಕಿ ಬರುತ್ತಿತ್ತು. ಹೃದಯಾಘಾತ ಎಂದೇ ಎಲ್ಲರೂ ಅಂದುಕೊಂಡೆವು.

ಅಲ್ಲ ಎಂದರು ಡಾಕ್ಟರ್. ನನ್ನದೇ ವಯಸ್ಸಿನ ಹೆಂಗಸು. ಎಡಗಾಲಿನ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ಒಂದು ತುಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿದೆ ಎಂದು ವಿವರಿಸಿದರು. ಆಮೇಲೆ ಕೇಳಿದರು:

"ಈತ ಈಚೆಗೆ ಹಾಸಿಗೆ ಹಿಡಿದಿದ್ದರಾ? ದೂರ ಪ್ರಯಾಣ?"

"ಇಲ್ಲ. ಒಂದು ದಿನವೂ ರಜೆ ಹಾಕಿಲ್ಲ."

"ಆಫೀಸಿನಲ್ಲಿ ಎಷ್ಟು ಹೊತ್ತು ಕೂತಿರುತ್ತಾರೆ?"

ನನಗೆ ಆ ಪ್ರಶ್ನೆಯ ಅರ್ಥ ಆಗಲಿಲ್ಲ. ಅವರ ಶ್ರದ್ಧೆಯ ಬಗ್ಗೆ ಕೇಳುತ್ತಿದ್ದಾರೆ ಎಂದೇ ತಿಳಿದು, "ಏಳುವುದೇ ಇಲ್ಲ ಡಾಕ್ಟರ್, ನಮ್ಮ ಹತ್ತಿರ ರಿಜಿಸ್ಟರ್ ಇದೆ" ಎಂದೆ. ಮರುದಿನ ಅದನ್ನು ತೆಗೆದುಕೊಂಡು ಹೋಗಿ ತೋರಿಸಿಯೂ ತೋರಿಸಿದೆ. ಡಾಕ್ಟರ್ ಪುಟ ತಿರುಗಿಸುತ್ತ ಹೋದರು. ಜನವರಿ, ಫೆಬ್ರವರಿ, ಮಾರ್ಚ್. ಎಲ್ಲರ ಹೆಸರಿನ ಮುಂದೂ ಬರಹ, ಭಟ್ಟರ ಹೆಸರಿನ ಮುಂದೆ ಖಾಲಿ ಖಾಲಿ. ಕೊನೆಗೆ ಪುಸ್ತಕ ಮುಚ್ಚಿ, "ಇದೊಂದೇ ಕಾರಣ ಎಂದು ನಾನು ಹೇಳಲಾರೆ. ಹಳೆಯ ಪೆಟ್ಟು ಬಿದ್ದ ಕಾಲು ಅದು. ಆದರೆ ಅಂಥ ಕಾಲಿರುವವರು ಹೀಗೆ ಕೂರಬಾರದಿತ್ತು. ಈ ಪುಸ್ತಕ ಯಾರು ಇಟ್ಟದ್ದು?" ಎಂದರು.

"ನಾನೇ" ಎಂದೆ.

ಭಟ್ಟರ ಹೆಂಡತಿ ಸಾವಿತ್ರಮ್ಮ ಪಕ್ಕದಲ್ಲೇ ನಿಂತಿದ್ದರು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಸಂಜೆ ಬಂದ ಕೂಡಲೇ ಇವರು ಒಂದು ಚೊಂಬು ನೀರು ಒಂದೇ ಸಲ ಕುಡಿಯುವುದು ಮೇಡಂ. ಬೆಳಗ್ಗಿಂದ ಬಾಯಿಗೆ ಒಂದು ಗುಟುಕು ನೀರು ಹಾಕಿರುವುದಿಲ್ಲ. ಯಾಕೆ ಅಂತ ಕೇಳಿದರೆ ಹೇಳುವುದಿಲ್ಲ" ಎಂದರು.

ಹತ್ತು ದಿನದ ಮೇಲೆ ಭಟ್ಟರಿಗೆ ಕೂತು ಮಾತಾಡುವಷ್ಟು ಶಕ್ತಿ ಬಂತು. ನಾನು ಒಬ್ಬಳೇ ಹೋಗಿ ಕೇಳಿದೆ.

"ಭಟ್ರೇ, ನೀವು ನೀರು ಯಾಕೆ ಕುಡೀತಿರಲಿಲ್ಲ?"

"ಗಂಡಸರ ಪಾಯಿಖಾನೆ ಇರುವುದು ಕೆಳಗೆ, ಹಿಂದುಗಡೆ ಅಲ್ವಾ ಮೇಡಂ? ಈ ಕಾಲಲ್ಲಿ ಎರಡು ಮಹಡಿ ಇಳಿದು ಹತ್ತಿ ಬರ್ಲಿಕ್ಕೆ ಕಾಲು ಗಂಟೆ ಬೇಕು. ಹತ್ತು ನಿಮಿಷ ಮೀರ್ತದೆ. ರಿಜಿಸ್ಟರಿನಲ್ಲಿ ಎಂತ ಬರೆಯುವುದು? ಕಾರಣ ಅಂತ ಒಂದು ಕಾಲಂ ಉಂಟಲ್ಲ, ಅದರಲ್ಲಿ? ದಿವಸಕ್ಕೆ ಮೂರು ಸಲ? ಆ ಪುಸ್ತಕ ಇರುವುದು ಆ ಟೈಪಿಸ್ಟ್ ಹುಡುಗಿಯರ ಮೇಜಿನ ಮೇಲೆ."

"ನನಗೆ ಹೇಳಬಹುದಿತ್ತಲ್ಲ. ನಿಮಗೆ ಬೇಡ ಅಂತ ಬಿಡ್ತಿದ್ದೆ."

"ಹೇಳಬೇಕು ಅಂತ ಇದ್ದೆ. ಆ ಮೀಟಿಂಗಿನಲ್ಲಿ ನೀವು ಎಲ್ಲರ ಎದುರು ಹೊಗಳಿದಿರಿ. ಮತ್ತೆ ಹೇಗೆ ಹೇಳುವುದು?"

ಬಾಯಿಬಿಟ್ಟು ಕ್ಷಮೆ ಕೇಳಲು ಆಗಲಿಲ್ಲ. ತಂದಿದ್ದ ಮೂಸಂಬಿಯನ್ನು ಮೇಜಿನ ಮೇಲಿಟ್ಟು ಎದ್ದು ಬಂದೆ. ನನ್ನ ಕೆಲಸದಲ್ಲಿ ತಪ್ಪುಗಳು ಬೇಕಾದಷ್ಟಾಗಿವೆ. ಒಬ್ಬರ ಇನ್‌ಕ್ರಿಮೆಂಟ್ ಇನ್ನೊಬ್ಬರಿಗೆ ಹಾಕಿದ್ದೇನೆ, ಇದ್ದವರನ್ನು ಸತ್ತವರ ಪಟ್ಟಿಗೆ ಸೇರಿಸಿ ಅವರಿಂದಲೇ ಪತ್ರ ಬಂದದ್ದೂ ಉಂಟು. ಅವೆಲ್ಲ ತಿದ್ದುವಂಥವು. ಇದನ್ನು ತಿದ್ದುವುದು ಹೇಗೆಂದು ಬಸ್ಸಿನಲ್ಲಿ ಯೋಚಿಸುತ್ತ ಮನೆ ಸ್ಟಾಪು ದಾಟಿ ಹೋದೆ.

ಮರುವಾರ ಫೈಲಿನಲ್ಲಿ ಒಂದು ಟಿಪ್ಪಣಿ ಬರೆದೆ. ಈ ನಿಯಮವನ್ನು ಸೂಚಿಸಿದವಳು ನಾನು, ಅದು ತಪ್ಪಾಗಿತ್ತು, ಒಬ್ಬ ನೌಕರರ ಆರೋಗ್ಯಕ್ಕೆ ಹಾನಿಯಾಗಿದೆ, ನಿಯಮವನ್ನು ತೆಗೆಯಬೇಕು. 'ನನ್ನ ತಪ್ಪು' ಎಂದು ಫೈಲಿನಲ್ಲಿ ಬರೆಯಬಾರದು ಎಂದು ಹಿರಿಯರೆಲ್ಲ ಬುದ್ಧಿ ಹೇಳಿದರು. ನಂಬಿಯಾರ್ ಸಾರ್ ಓದಿ ಕನ್ನಡಕ ತೆಗೆದರು.

"ಒಬ್ಬನ ಕಾಲಿಗಾಗಿ ಇಡೀ ಆಫೀಸಿನ ಶಿಸ್ತು ಬಿಡಲಿಕ್ಕಾಗುತ್ತಾ ವಿಮಲಾ?"

"ಬೇರೆಯವರ ಕಾಲು ಹೇಗಿದೆ ಅಂತ ನಾವು ಕೇಳಿಲ್ಲ ಸಾರ್."

ಅವರು 'ನೋಡಿದೆ, ಬಾಕಿ ಇರಲಿ' ಎಂದು ಬರೆದು ಫೈಲು ವಾಪಸು ಕೊಟ್ಟರು. ಕೆಟ್ಟ ಮನುಷ್ಯರಲ್ಲ ಅವರು. ಭಟ್ಟರ ವೈದ್ಯಕೀಯ ರಜೆಯ ಕಾಗದಕ್ಕೆ ನಿಂತ ಕಾಲಲ್ಲಿ ಸಹಿ ಹಾಕಿದ್ದರು. ಆದರೆ ಖಾಲಿ ಕುರ್ಚಿ ಅವರಿಂದ ನೋಡಲಾಗುತ್ತಿರಲಿಲ್ಲ. ನಾನು ನನ್ನ ಮಟ್ಟಿಗೆ ಆ ಪುಸ್ತಕವನ್ನು ಬೀರುವಿನೊಳಗಿಟ್ಟು ಬೀಗ ಹಾಕಿದೆ. ಯಾರೂ ಅದನ್ನು ಕೇಳಿಕೊಂಡು ಬರಲಿಲ್ಲ.

ಎರಡು ತಿಂಗಳ ಮೇಲೆ ಭಟ್ಟರು ಕೆಲಸಕ್ಕೆ ಬಂದರು. ಅವರ ಮೇಜನ್ನು ನೆಲಮಹಡಿಗೆ ಹಾಕಿಸಿದ್ದೆ. ನೋಡಿ ಅವರೇ ಬೇಡವೆಂದರು. "ಮೇಲೆಯೇ ಇರಲಿ ಮೇಡಂ. ಗಂಟೆಗೊಮ್ಮೆ ಎದ್ದು ನಡೆಯಬೇಕು ಅಂತ ಡಾಕ್ಟ್ರು ಹೇಳಿದ್ದಾರೆ. ನಾನು ಇಳಿದು ಹತ್ತಿಕೊಂಡು ಇರ್ತೇನೆ. ಯಾರೂ ಟೈಮು ಕೇಳದಿದ್ದರೆ ಸಾಕು." ನಿವೃತ್ತಿಯವರೆಗೂ ಹಾಗೆಯೇ ಮಾಡಿದರಂತೆ. ಅವರ ಸೇವಾ ಪುಸ್ತಕಗಳು ಒಂದೂ ಬಾಕಿ ಬೀಳಲಿಲ್ಲ.

ಆರು ತಿಂಗಳಿಗೆ ನನಗೆ ಕೊಚ್ಚಿಯ ಪ್ರಾದೇಶಿಕ ಕಚೇರಿಗೆ ವರ್ಗವಾಯಿತು. ಟಿಪ್ಪಣಿಗೂ ಅದಕ್ಕೂ ಸಂಬಂಧ ಇತ್ತೋ ಇಲ್ಲವೋ ಗೊತ್ತಿಲ್ಲ. ಯಜಮಾನರು ತಿರುವನಂತಪುರದಲ್ಲೇ ಉಳಿದರು, ನಾನು ಎರ್ನಾಕುಳಂನಲ್ಲಿ ಹೆಂಗಸರ ಹಾಸ್ಟೆಲಿನಲ್ಲಿದ್ದುಕೊಂಡು ಶನಿವಾರ ಶನಿವಾರ ರೈಲು ಹತ್ತುತ್ತಿದ್ದೆ.

ಕೊಚ್ಚಿಗೆ ಆಗ ಕಂಪ್ಯೂಟರ್ ಬಂದಿತ್ತು. ಆರು ಯಂತ್ರಗಳಿಗೆಂದು ಒಂದು ಹವಾನಿಯಂತ್ರಿತ ಹಾಲ್. ಧೂಳು ಆಗದೆಂದು ಚಪ್ಪಲಿ ಹೊರಗೇ ಬಿಡಬೇಕು. ಜನರಿಗೆ ಅಲ್ಲಿ ಕೂರಲು ಅಂಜಿಕೆ, ಯಂತ್ರಕ್ಕೆ ಮಾತ್ರ ತಂಪು ಎಂದು ನಗುತ್ತಿದ್ದೆವು. ಹಳೆಯ ದಾಖಲೆ ಕಾರ್ಡುಗಳ ವಿವರಗಳನ್ನೆಲ್ಲ ಅದಕ್ಕೆ ತುಂಬುವ ಕೆಲಸಕ್ಕೆ ಆರು ಜನ ಹೆಂಗಸರಿದ್ದರು. ಬೆಳಿಗ್ಗೆ ಪ್ಯೂನ್ ಬಂದು ಕಾರ್ಡುಗಳ ಕಂತೆ ಇಟ್ಟು ಹೋದರೆ ಸಂಜೆಯವರೆಗೆ ಬೆರಳು ಮಾತ್ರ ಆಡಬೇಕು.

ಅಲ್ಲಿನ ಮುಖ್ಯಸ್ಥರು ಒಳ್ಳೆಯವರು. ಅರ್ಧ ಜನ ರೈಲಿನಲ್ಲಿ, ಬೋಟಿನಲ್ಲಿ ಬರುವವರು, ಹತ್ತು ಗಂಟೆಗೆಂದರೆ ಒದ್ದಾಟ. "ಎಂಟರಿಂದ ಹತ್ತೂವರೆಯೊಳಗೆ ಯಾವಾಗ ಬೇಕಾದರೂ ಬರಲಿ, ಊಟದ ಅರ್ಧ ಗಂಟೆ ಬಿಟ್ಟು ಎಂಟು ಗಂಟೆ ಕೆಲಸ ಮಾಡಿ ಹೋಗಲಿ. ಆರು ತಿಂಗಳು ನೋಡೋಣ" ಎಂದರು. ಆದೇಶ ಬರೆದವಳು ನಾನೇ. ಬರೆಯುವಾಗ ಭಟ್ಟರು ನೆನಪಾದರು. ಹಳೆಯ ತಪ್ಪಿಗೆ ಇದು ಪರಿಹಾರ ಎಂದುಕೊಂಡೆ. ಜನರ ಕೈಗೆ ಹೊತ್ತು ಕೊಟ್ಟರೆ ಮುಗಿಯಿತು, ಅವರು ಬೆಳಿಗ್ಗೆ ನಡೆಯುತ್ತಾರೆ, ಮಧ್ಯಾಹ್ನ ನೆಟ್ಟಗೆ ಊಟ ಮಾಡುತ್ತಾರೆ, ಹೀಗೆಲ್ಲ ಲೆಕ್ಕ ಹಾಕಿದ್ದೆ.

ಆದದ್ದೇ ಬೇರೆ. ಅದನ್ನು ನನಗೆ ತೋರಿಸಿಕೊಟ್ಟವಳು ರೋಸಮ್ಮ. ಆಲುವದಿಂದ ರೈಲಿನಲ್ಲಿ ಬರುತ್ತಿದ್ದಳು, ಇಬ್ಬರು ಚಿಕ್ಕ ಹೆಣ್ಣುಮಕ್ಕಳು. ಆದೇಶ ಬಂದ ಮರುದಿನದಿಂದಲೇ ಎಂಟು ಗಂಟೆಗೆ ಹಾಜರು. ಊಟಕ್ಕೆಂದು ಏಳದಿದ್ದರೆ ನಾಲ್ಕಕ್ಕೇ ಹೊರಡಬಹುದು ಎಂದು ಕಂಡುಕೊಂಡಳು. ಬಲಗೈಯಲ್ಲಿ ಡಬ್ಬಿಯ ಅನ್ನ, ಎಡಗೈಯಲ್ಲಿ ಕೀಬೋರ್ಡು. ಉಳಿದವರೂ ಅದೇ ದಾರಿ ಹಿಡಿದರು. ಮೊದಲು ಹತ್ತೂವರೆಗೆ, ಒಂದಕ್ಕೆ, ಮೂರೂವರೆಗೆ ಏಳುತ್ತಿದ್ದವರು ಈಗ ಹೊರಡುವ ತನಕ ಏಳುತ್ತಲೇ ಇರಲಿಲ್ಲ. ಪಟ್ಟಂನಲ್ಲಿ ನಾನು ಕಟ್ಟಿಹಾಕಿ ಕೂರಿಸಿದ್ದನ್ನು ಇಲ್ಲಿ ಅವರೇ ಇಷ್ಟಪಟ್ಟು ಮಾಡುತ್ತಿದ್ದರು.

ಒಂದು ಸಂಜೆ ರೋಸಮ್ಮ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಗೇಟಿನ ಕಡೆ ಓಡುವುದನ್ನು ಕಂಡು ನಿಲ್ಲಿಸಿದೆ.

"ಏನಾಯ್ತು ರೋಸಮ್ಮ?"

"ಕಾಲು ಊದಿದೆ ಮಾಡಂ, ಚಪ್ಪಲಿ ಒಳಗೆ ಹೋಗಲ್ಲ. ರೈಲಿನಲ್ಲಿ ಕಾಲು ಮೇಲಿಟ್ಟರೆ ಇಳಿಯುತ್ತೆ."

"ದಿನಾನಾ?"

"ಒಂದು ತಿಂಗಳಿಂದ. ರೈಲು ಹೋಗುತ್ತೆ ಮಾಡಂ, ನಾಳೆ ಹೇಳ್ತೀನಿ."

ಮರುದಿನ ಪೇಟೆಗೆ ಹೋಗಿ ಶಾಲೆಯಲ್ಲಿ ಬಾರಿಸುವಂಥ ಒಂದು ಹಿತ್ತಾಳೆ ಗಂಟೆ ತಂದೆ. ಗಂಟೆಗೊಮ್ಮೆ ಬಾರಿಸುವುದು, ಎಲ್ಲರೂ ಎದ್ದು ಎರಡು ನಿಮಿಷ ನಿಲ್ಲುವುದು. ಮೊದಲ ದಿನ ನಗುತ್ತ ಎದ್ದರು. ಎರಡನೇ ದಿನ ಇಬ್ಬರು ಎದ್ದರು. ಮೂರನೇ ದಿನ ಯೂನಿಯನ್ ಕಾರ್ಯದರ್ಶಿ ಜೋಸೆಫ್ ನನ್ನ ಕೋಣೆಗೆ ಬಂದು ಬಹಳ ಗಂಭೀರವಾಗಿ ಕೇಳಿದ, "ಮಾಡಂ, ಮಧ್ಯಾಹ್ನದ ಗಂಟೆಗೆ ಸ್ಕೂಲಿನ ಹಾಗೆ ಗಂಜಿನೂ ಕೊಡ್ತೀರಾ?" ಗಂಟೆಯನ್ನು ಹಾಸ್ಟೆಲಿಗೆ ತೆಗೆದುಕೊಂಡು ಹೋದೆ. ಅಲ್ಲಿನ ಅಡುಗೆಯವಳಿಗೆ ಅದು ಉಪಯೋಗವಾಯಿತು.

ಆಮೇಲೆ, ಹೊತ್ತಿನ ಸಡಿಲಿಕೆಯನ್ನೇ ರದ್ದು ಮಾಡಿ ಹತ್ತರಿಂದ ಐದೂವರೆಗೆ ವಾಪಸು ಹೋಗೋಣ ಎಂದು ಒಂದು ಕರಡು ಬರೆದೆ. ಟೈಪಿಗೆ ಕೊಟ್ಟದ್ದು ಹೇಗೋ ರೋಸಮ್ಮನ ಕಿವಿಗೆ ಬಿತ್ತು. ಅವಳು ನನ್ನ ಮುಂದೆ ಬಂದು ನಿಂತಳು. ಕೂರು ಎಂದರೂ ಕೂರಲಿಲ್ಲ.

"ನನ್ನ ಕಾಲಿನಿಂದಾಗಿ ಆರ್ಡರ್ ತೆಗೀತೀರಾ ಮಾಡಂ?"

ನಾನು ಭಟ್ಟರ ಕಥೆ ಹೇಳಿದೆ. ನೀರು ಕುಡಿಯದೇ ಇದ್ದದ್ದು, ಬಿದ್ದದ್ದು, ರಿಜಿಸ್ಟರ್, ಎಲ್ಲ. ಅವಳು ಪೂರ್ತಿ ಕೇಳಿದಳು.

"ಅವರನ್ನು ಕೇಳದೇ ರೂಲು ಮಾಡಿದಿರಿ. ಈಗ ನನ್ನನ್ನು ಕೇಳದೇ ರೂಲು ತೆಗೀತಿದ್ದೀರಿ. ಮೊದಲು ನಾನು ಮನೆ ಮುಟ್ಟುವಾಗ ಚಿಕ್ಕವಳು ಮಲಗಿರುತ್ತಿದ್ದಳು. ಈಗ ಗೇಟಿನಲ್ಲಿ ನಿಂತಿರ್ತಾಳೆ. ಅದನ್ನು ನಾನು ಬಿಡಲ್ಲ. ಮೂರು ದಿನ ಟೈಮು ಕೊಡಿ."

ನನ್ನ ಸರ್ವೀಸಿನಲ್ಲಿ ಮೇಲಧಿಕಾರಿಗಳು ಬೇಕಾದಷ್ಟು ಹೇಳಿದ್ದಾರೆ. ಇಷ್ಟು ನೆಟ್ಟಗೆ ಯಾರೂ ಹೇಳಿರಲಿಲ್ಲ. ಕರಡನ್ನು ವಾಪಸು ತರಿಸಿಕೊಂಡೆ.

ಮೂರನೇ ದಿನ ಅವಳು ಅಂಚಿನಲ್ಲಿ ತೂತುಗಳಿರುವ ಪ್ರಿಂಟರ್ ಹಾಳೆಯ ಹಿಂಬದಿಯಲ್ಲಿ ಒಂದು ಏರ್ಪಾಡು ಬರೆದು ತಂದಳು. ಆರೂ ಜನ ಕೂತು ಯೋಚಿಸಿದ್ದರು. ಪ್ಯೂನ್ ಕಾರ್ಡು ತರುವುದು ಬೇಡ. ಒಂದು ಮಹಡಿ ಕೆಳಗಿನ ರೆಕಾರ್ಡ್ ರೂಮಿಗೆ ತಾವೇ ಹೋಗುತ್ತಾರೆ. ತುಂಬಿದ್ದನ್ನು ಕಾರ್ಡಿನೊಡನೆ ತಾಳೆ ನೋಡುವ ಕೆಲಸ ಇಷ್ಟು ದಿನ ಕೊನೆಯ ಎರಡು ಗಂಟೆಯಲ್ಲಿ ಎಲ್ಲರೂ ಕೂತೇ ಮಾಡುತ್ತಿದ್ದದ್ದು. ಅದನ್ನು ಇನ್ನು ಮೇಲೆ ರೆಕಾರ್ಡ್ ರೂಮಿನ ಎತ್ತರದ ಮೇಜಿನ ಹತ್ತಿರ ನಿಂತು ಮಾಡುವುದು. ನಾಲ್ವರು ಕೀಬೋರ್ಡಿನಲ್ಲಿ, ಇಬ್ಬರು ಕೆಳಗೆ, ಗಂಟೆಗೊಮ್ಮೆ ಬದಲಿ. ಹೊತ್ತೂ ಉಳಿಯುತ್ತದೆ, ಸಂಜೆಯ ರೈಲೂ ಉಳಿಯುತ್ತದೆ. ಊಟಕ್ಕೆ ಹಾಲ್‌ನಿಂದ ಹೊರಗೆ ಹೋಗಬೇಕೆಂಬ ಸಾಲನ್ನು ನಾನು ಸೇರಿಸಿದೆ. ರೋಸಮ್ಮ ಅದಕ್ಕೆ "ಹದಿನೈದು ನಿಮಿಷ ಸಾಕು" ಎಂದು ತಿದ್ದಿದಳು.

ಇದರಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಒಬ್ಬಳಿಗೆ ಮಂಡಿನೋವು, ಮೆಟ್ಟಿಲು ಆಗುವುದಿಲ್ಲ ಎಂದಳು, ಅವಳಿಗೆ ಹಾಲ್‌ನಲ್ಲೇ ಬೇರೆ ಕೆಲಸ ಹುಡುಕಿದೆವು. ಇನ್ನೊಬ್ಬಳಿಗೆ ಕುತ್ತಿಗೆ ನೋವು ಕೊನೆಯವರೆಗೂ ಹೋಗಲಿಲ್ಲ. ಆದರೆ ಒಂದೂವರೆ ತಿಂಗಳಿಗೆ ರೋಸಮ್ಮನ ಕಾಲಿನ ಊತ ಇಳಿಯಿತು. ತಪ್ಪು ನಮೂದುಗಳೂ ಕಡಿಮೆಯಾದವು, ಏಕೆಂದರೆ ಬೆಳಗಿನ ತಪ್ಪು ಬೆಳಿಗ್ಗೆಯೇ ಸಿಕ್ಕುತ್ತಿತ್ತು.

ಆರು ತಿಂಗಳು ಮುಗಿಯುವ ಮುನ್ನ ಮುಖ್ಯ ಕಚೇರಿಯಿಂದ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಹಾಲ್‌ಗೆ ಕಾಲಿಟ್ಟಾಗ ಸಂಜೆ ನಾಲ್ಕೂವರೆ. ಎಂಟಕ್ಕೆ ಬಂದಿದ್ದ ಮೂವರು ಹೋಗಿಯಾಗಿತ್ತು. ಇಬ್ಬರು ಕೆಳಗಿದ್ದರು. ಒಬ್ಬಳು ಮಾತ್ರ ಯಂತ್ರದ ಮುಂದೆ.

"ಆರು ಕುರ್ಚಿಯಲ್ಲಿ ಐದು ಖಾಲಿ. ಜನ ಎಲ್ಲಿ?"

ರೆಕಾರ್ಡ್ ರೂಮಿಗೆ ಕರೆದುಕೊಂಡು ಹೋದೆ. ಇಬ್ಬರು ಹೆಂಗಸರು ಮೇಜಿನ ಬಳಿ ನಿಂತು ಕಾರ್ಡು ತಾಳೆ ನೋಡುತ್ತಿದ್ದರು.

"ನಿಂತು ಯಾಕೆ ಮಾಡ್ತಿದ್ದಾರೆ? ಕುರ್ಚಿ ಇಲ್ವಾ?"

"ಇವೆ ಸಾರ್. ಅದಕ್ಕೇ ನಿಂತಿದ್ದಾರೆ."

ಅವರಿಗೆ ನಗು ಬರಲಿಲ್ಲ. ಬಾಕಿ ಎಷ್ಟಿದೆ ಎಂದು ಕೇಳಿದರು. ಬಾಕಿ ಇರಲಿಲ್ಲ. ಆದರೂ ವರದಿಯಲ್ಲಿ 'ಐದು ಆಸನಗಳು ಖಾಲಿ ಕಂಡುಬಂದವು, ಸಂಬಂಧಪಟ್ಟವರಿಂದ ವಿವರಣೆ ಪಡೆಯುವುದು' ಎಂದು ಬರೆದು ಹೋದರು. ಸಂಬಂಧಪಟ್ಟವಳು ನಾನು. ಮೂರು ವಾರಕ್ಕೆ ಮೆಮೊ ಬಂತು. ಜೋಸೆಫ್ ನಾಲ್ಕು ಪುಟದ ಉತ್ತರ ಬರೆದುಕೊಡುತ್ತೇನೆ ಎಂದು ಹುರುಪಿನಿಂದ ಬಂದ. ಬೇಡವೆಂದೆ. ನಾನು ಬರೆದದ್ದು ಮೂರೇ ವಾಕ್ಯ. ಐದು ಕುರ್ಚಿ ಖಾಲಿ ಇದ್ದದ್ದು ನಿಜ. ಕೆಲಸ ಬಾಕಿ ಇಲ್ಲದ್ದೂ ನಿಜ. ಈ ಏರ್ಪಾಡಿಗೆ ನಾನು ಹೊಣೆ.

ಉತ್ತರ ಬರುತ್ತದೆಂದು ಕಾದೆ. ನನ್ನ ವಾರ್ಷಿಕ ಗೋಪ್ಯ ವರದಿಯಲ್ಲಿ ಒಂದು ಕರಿ ಗೆರೆ ಬೀಳಬಹುದೆಂದು ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದೆ. ಅವಧಿ ಮುಗಿದ ದಿನ ಮುಖ್ಯಸ್ಥರು ಕರೆದು, "ಅಲ್ಲಿಂದ ಏನಾದರೂ ಬಂತಾ?" ಎಂದರು.

"ಇಲ್ಲ ಸಾರ್."

"ಬೇಡ ಅಂತಾನೂ ಬಂದಿಲ್ಲ?"

"ಇಲ್ಲ."

"ಹಾಗಾದರೆ ಮುಂದುವರಿಸಿ."

ಹೊಸ ಆದೇಶವನ್ನು ನಾನೇ ಟೈಪ್ ಮಾಡಿ ನೋಟಿಸ್ ಬೋರ್ಡಿಗೆ ಚುಚ್ಚಿದೆ. ನಾಲ್ಕೂಕಾಲಿಗೆ ಹೊರಟ ರೋಸಮ್ಮ ಅದರ ಮುಂದೆ ನಿಂತು ಮೇಲಿಂದ ಕೆಳಗಿನವರೆಗೆ ಎರಡು ಸಲ ಓದಿದಳು.

"ಮಾಡಂ, ಎಲ್ಲಿಯವರೆಗೆ ಅಂತ ತಾರೀಕು ಹಾಕೋಕೆ ಮರೆತಿದ್ದೀರಿ."

"ಮರೆತಿಲ್ಲ" ಎಂದೆ. "ಹೊರಡು, ರೈಲು ಹೋಗುತ್ತೆ."